ಐನೂರ ಹತ್ತೊಂಬತ್ತು ದಿನದ ವರ್ಷ

ಯಾವ ನಕ್ಷತ್ರವನ್ನು ನೋಡಬೇಕು, ಯಾವುದರ ಗೊಡವೆ ಬೇಡ ಎಂಬುದನ್ನು ವಯಸ್ಸು ಕೇಳಿ ತೀರ್ಮಾನಿಸುವ ಪದ್ಧತಿ ಬಂದು ಆಗ ಹದಿನಾರು ವರ್ಷವಾಗಿತ್ತು. ಭೂಮಿಯಾಚೆ ತೇಲಿಬಿಟ್ಟ ದೊಡ್ಡ ದೂರದರ್ಶಕ ಇದ್ದುದು ಒಂದೇ; ಅದರ ಮುಂದೆ ಸರದಿ ನಿಂತ ನಕ್ಷತ್ರಗಳು ಸಾವಿರಾರು. ಹಾಗಾಗಿ ಎಲ್ಲ ದೇಶಗಳು ಕೂಡಿ ಕಟ್ಟಿದ ತುಲನಾ ಮಂಡಳಿ ಒಂದು ನಿಯಮ ಮಾಡಿತು. ಭೂಮಿ ಹುಟ್ಟಿದ ಎಷ್ಟು ವರ್ಷಕ್ಕೆ ಇಲ್ಲಿ ಆಮ್ಲಜನಕ ಹೊರಬಿಡುವ ಜೀವ ಕಾಣಿಸಿಕೊಂಡಿತೋ ಅಷ್ಟಾದರೂ ವಯಸ್ಸು ನಕ್ಷತ್ರಕ್ಕೆ ಆಗಿರಬೇಕು. ಅದಕ್ಕಿಂತ ಎಳೆಯದಾದರೆ ಅದರ ಸುತ್ತ ಜೀವ ಹುಡುಕುವುದು ಕಾಲಹರಣ. ಗಂಡು ಹೆಣ್ಣಿನ ಜಾತಕ ಕೂಡಿಸಿದ ಹಾಗೆ, ಒಂದು ಕೈಯಲ್ಲಿ ನಕ್ಷತ್ರದ ಪ್ರಾಯ, ಇನ್ನೊಂದು ಕೈಯಲ್ಲಿ ಕಲ್ಲಿನ ಪ್ರಾಯ.

ನಕ್ಷತ್ರದ್ದು ಸುಲಭ. ಅದರ ಮೈ ಹೊಡೆದ ಗಂಟೆಯ ಹಾಗೆ ಸದಾ ಸಣ್ಣಗೆ ನಡುಗುತ್ತದೆ. ನಡುಕವನ್ನು ಅಳೆದರೆ ಒಳಗೆ ಎಷ್ಟು ಉರಿದು ಮುಗಿದಿದೆಯೆಂದು ತಿಳಿಯುತ್ತದೆ. ಕಷ್ಟವಿದ್ದುದು ಕಲ್ಲಿನದು. ಆ ಕಲ್ಲನ್ನು ಓದುತ್ತಿದ್ದವಳು ನೀಲಾಂಬಿಕೆ.

ಚಿತ್ರದುರ್ಗದ ದಕ್ಷಿಣಕ್ಕೆ, ಕುರುಚಲು ಗುಡ್ಡಗಳ ನಡುವೆ ಅವಳು ಕೆಲಸ ಮಾಡುವ ಪ್ರಯೋಗಾಲಯವಿತ್ತು. ಇನ್ನೂರೈವತ್ತು ಕೋಟಿ ವರ್ಷಗಳಾಚೆ ಅಲ್ಲಿ ಕಡಲು. ಕಡಲಂಚಿನ ತೆಳುನೀರಿನಲ್ಲಿ ಕಣ್ಣಿಗೆ ಕಾಣದ ಜೀವಿಗಳು ಪಾಚಿಯಂತೆ ಹಬ್ಬಿ, ಹಗಲು ಬಿಸಿಲಿಗೆ ಮೇಲೇರಿ, ಇರುಳು ತಮ್ಮ ಮೇಲೆ ಕೂತ ಕೆಸರಿನಡಿ ಮಲಗಿ, ಬೆಳಗಾದರೆ ಮತ್ತೆ ಕೆಸರು ಸೀಳಿ ಏಳುತ್ತಿದ್ದವು. ದಿನಕ್ಕೊಂದು ಪದರ. ಆ ಪದರಗಳೇ ಕಲ್ಲಾಗಿವೆ. ಕೊಯ್ದರೆ ಎಲೆಕೋಸಿನ ಹಾಗೆ ಕಾಣುತ್ತದೆ. ಆಗ ಭೂಮಿ ಬೇಗ ತಿರುಗುತ್ತಿತ್ತು. ಚಂದ್ರ ಅದನ್ನು ಜಗ್ಗಿ ಜಗ್ಗಿ ನಿಧಾನ ಮಾಡಿದ್ದಾನೆ. ಆದ್ದರಿಂದ ಹಿಂದೆ ಹೋದಷ್ಟೂ ದಿನ ಗಿಡ್ಡ, ವರ್ಷಕ್ಕೆ ದಿನಗಳು ಹೆಚ್ಚು. ಒಂದು ಮಳೆಗಾಲದ ಕಪ್ಪು ಪದರದಿಂದ ಮುಂದಿನದರವರೆಗೆ ಒಂದು ವರ್ಷದ ಪದರಗಳನ್ನು ಎಣಿಸಿದರೆ ಕಲ್ಲಿನ ಪ್ರಾಯ ಸಿಕ್ಕಂತೆ. ಒಂದು ದಿನ ಹೆಚ್ಚು ಬಂದರೆ ಕಲ್ಲು ಹೆಚ್ಚುಕಡಿಮೆ ಒಂದೂಕಾಲು ಕೋಟಿ ವರ್ಷ ಹಿಂದಕ್ಕೆ ಸರಿಯುತ್ತದೆ.

ಎಣಿಸುವುದನ್ನು ಮೊದಲು ಯಂತ್ರಗಳಿಗೇ ಬಿಟ್ಟಿದ್ದರು. ಅವು ಪದರ ಹುಡುಕುವುದನ್ನು ಎಷ್ಟು ಚೆನ್ನಾಗಿ ಕಲಿತವೆಂದರೆ, ಯಾರೋ ಕುಚೋದ್ಯಕ್ಕೆ ಇಟ್ಟ ಸಿಮೆಂಟ್ ಚೂರಿನಲ್ಲೂ ಮುನ್ನೂರು ದಿನ ಎಣಿಸಿಕೊಟ್ಟವು. ಅಂದಿನಿಂದ ಮಂಡಳಿ ಮನುಷ್ಯರ ಕಣ್ಣನ್ನೇ ನಂಬಿತು. ಓದುವವರು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಒಂದೊಂದು ಪದರವನ್ನೂ ಬಾಯಿಬಿಟ್ಟು ಹೇಳಬೇಕು: ದಪ್ಪ, ತೆಳು, ತೆಳು, ಕಪ್ಪು ದಪ್ಪ, ತೆಳು. ಧ್ವನಿ ಮುದ್ರಣವಾಗುತ್ತದೆ. ಯಂತ್ರ ಆ ಮಾತುಗಳನ್ನು ಮಾತ್ರ ಎಣಿಸುತ್ತದೆ. ಕಲ್ಲನ್ನು ನೋಡುವ ಹಕ್ಕು ಅದಕ್ಕಿಲ್ಲ.

ಈ ಕೆಲಸಕ್ಕೆ ಬಂದ ಪದವೀಧರರೆಲ್ಲ ಅರ್ಧ ಗಂಟೆಗೆ ತೊದಲಿ, ಆಕಳಿಸಿ, ಎದ್ದುಹೋದರು. ನೀಲಾಂಬಿಕೆ ಎದ್ದಿರಲಿಲ್ಲ. ಅವಳ ಅಜ್ಜ ಮಠದಲ್ಲಿ ಪ್ರತಿ ಶ್ರಾವಣ ಪುರಾಣ ಓದುತ್ತಿದ್ದವರು; ಅವರ ಮಗ್ಗುಲಲ್ಲಿ ಕೂತು ಕೇಳುತ್ತ ಬೆಳೆದು, ಆಮೇಲೆ ಅವರ ಪೀಠದಲ್ಲೇ ಕೂತು ಓದಿದವಳು. ಮೂರು ತಾಸು ನೀರು ಕುಡಿಯದೆ, ಒಂದಕ್ಷರ ಎಡವದೆ ಓದುವುದು ಅವಳಿಗೆ ಅಭ್ಯಾಸ. ಕಲ್ಲಿನೆದುರು ಕೂರುವ ಮೊದಲೂ ಅವಳು ಕೈಮುಗಿಯುತ್ತಿದ್ದಳು. ನಿಯಮದ ಪ್ರಕಾರ ಎರಡನೆಯವರೊಬ್ಬರು ಬೇರೆಯಾಗಿ ಓದಬೇಕಿತ್ತು. ಆ ತಾಳ್ಮೆ ಇದ್ದ ಇನ್ನೊಬ್ಬಳು ಸಿಕ್ಕಿದ್ದು ಅವಳ ಚಿಕ್ಕಪ್ಪನ ಮಗಳು ಶಾಂಭವಿ.

ನಲವತ್ತು ವರ್ಷಗಳ ಪದರ ಓದಿ ಮುಗಿದ ದಿನ ಪ್ರಯೋಗಾಲಯದ ಮುಖ್ಯಸ್ಥರಾದ ಡಾ. ಮಕ್ಬೂಲ್ ನದಾಫ್ ಫಲಿತಾಂಶದ ಹಾಳೆಯನ್ನು ಪತಾಕೆಯಂತೆ ಹಿಡಿದು ಬಂದರು.

"ನೀಲಕ್ಕಾ, ವರ್ಷಕ್ಕ ಐನೂರ ಹತ್ತೊಂಬತ್ತು! ನಿಮ್ದೂ ಅಷ್ಟ, ಶಾಂಭವಿದೂ ಅಷ್ಟ. ಒಂದ್ ದಿನಾ ಆಚೀಚೆ ಇಲ್ರೀ!"

ಅಂದರೆ ಕಲ್ಲಿನ ವಯಸ್ಸು ಇನ್ನೂರ ಅರವತ್ತೈದು ಕೋಟಿ. ನಾನೂರ ಐವತ್ತನಾಲ್ಕು ಕೋಟಿಯ ಭೂಮಿಯಲ್ಲಿ ಅದನ್ನು ಕಳೆದರೆ ನೂರ ಎಂಬತ್ತೊಂಬತ್ತು. ಭೂಮಿಗೆ ಅಷ್ಟು ಪ್ರಾಯವಾದಾಗ ಇಲ್ಲಿ ಉಸಿರಿತ್ತು. ಮತ್ತು ಹಸ್ತಾ ನಕ್ಷತ್ರದ ದಿಕ್ಕಿನಲ್ಲಿರುವ, ನದಾಫರು ಹನ್ನೆರಡು ವರ್ಷದಿಂದ ಬೆನ್ನುಹತ್ತಿದ, ನೀಲಿ ಛಾಯೆಯ ಗ್ರಹವೊಂದನ್ನು ಸುತ್ತಿಸಿಕೊಂಡಿರುವ ಸಣ್ಣ ಕಿತ್ತಳೆ ನಕ್ಷತ್ರದ ವಯಸ್ಸು ನೂರ ತೊಂಬತ್ತೊಂದು. ಎರಡೇ ಕೋಟಿ ವರ್ಷದ ಹಿರಿತನದಲ್ಲಿ ಅದು ಗೆದ್ದಿತ್ತು.

"ನವೆಂಬರಿನಾಗ ಆ ಗ್ರಹ ನಕ್ಷತ್ರದ ಮಾರಿ ಮುಂದ ಹಾಯ್ತದ. ಅದರ ಗಾಳಿಯೊಳಗ ಏನೈತಿ ಅಂತ ಆಗಷ್ಟ ಕಾಣತೈತಿ. ಅದರ ಹಾದಿ ಓಲಾಡ್ತೈತಿ; ಅದು ತಪ್ಪಿದ್ರ ಮತ್ತ ನಮ್ಮ ನೇರಕ್ಕ ಬರೂದು ನಲವತ್ತೊಂದ್ ವರ್ಷಕ್ಕ," ಎಂದರು ನದಾಫ್. "ನನಗೀಗ ಐವತ್ತೆಂಟು. ಲೆಕ್ಕ ನೀವ ಹಾಕ್ರಿ."

* * *

ಶ್ರಾವಣದ ಎರಡನೆಯ ಸೋಮವಾರ ಸಂಜೆ ನೀಲಾಂಬಿಕೆ ಮನೆಯ ಪಡಸಾಲೆಯಲ್ಲಿ ಪುರಾಣ ಹಿಡಿದು ಕೂತಳು. ಗಂಡ ಪಂಪ್‌ಸೆಟ್ ರಿಪೇರಿಗೆ ಹಿರಿಯೂರಿನ ಕಡೆ ಹೋಗಿದ್ದ. ಓಣಿಯ ಐದಾರು ಹೆಂಗಸರು ಬಂದಿದ್ದರು. ಅತ್ತೆ ಕೊಟ್ರಮ್ಮ ಗೋಡೆಗೊರಗಿ ತೊಡೆಯ ಮೇಲೆ ಹೊಸ ಹಲಗೆಯೊಂದನ್ನು ಇಟ್ಟುಕೊಂಡಿದ್ದರು. ಕಳೆದ ವರ್ಷದ ಜ್ವರದಲ್ಲಿ ಅವರ ಕಿವಿ ಪೂರ್ತಿ ಹೋಗಿತ್ತು. ಎದುರಿನವರ ಮಾತನ್ನು ಆಡಿದ ಹಾಗೇ ಅಕ್ಷರ ಮಾಡಿ ತೋರಿಸುವ ಹಲಗೆ ಅದು. ಅರವತ್ತು ಶ್ರಾವಣ ಕಿವಿಯಲ್ಲಿ ಕೇಳಿದ ಪುರಾಣವನ್ನು ಅವರು ಮೊದಲ ಸಲ ಕಣ್ಣಲ್ಲಿ ಕೇಳುತ್ತಿದ್ದರು.

ಮುಗಿದ ಮೇಲೆ ಕೊಟ್ರಮ್ಮ ಹಲಗೆಯನ್ನು ಸೊಸೆಗೂ ಕಾಣುವಂತೆ ಓರೆ ಮಾಡಿದರು.

"ಏ ನೀಲಾ, ಈ ಹಲಗಿ ಕೆಟ್ಟೈತೇನೋ ನೋಡು. ಒಂದೊಂದ್ ಸಾಲ್ನ ಎರಡೆರಡು ದಪ ಬರೀತೈತೆ."

"ಎಲ್ಲತ್ತೆ? ಎಲ್ಲಾ ಸಾಲೂನಾ?"

"ಎಲ್ಲಾ ಅಲ್ಲ. ನೀನು ಹಾಳೆ ಮಗುಚಿದಾಗೆಲ್ಲ ಒಂದ್ ಸಾಲು. ನಾನು ಕುಂತು ನೋಡಿದೀನಿ. ಹಾಳೆ ಮಗುಚ್ತೀಯ, ಸಾಲು ಎರಡಾಗ್ತೈತೆ."

ಪಕ್ಕದ ಮನೆಯ ಹೆಂಗಸು ನಕ್ಕಳು. "ಅದು ಹಲಗಿ ತಪ್ಪಲ್ಲ ಕಣವ್ವ. ನೀಲಕ್ಕಾರ ಮನೆ ಓದೇ ಹಂಗೆ. ಹಾಳೆ ತಿರುವೋವಾಗ ಕೊನೆ ಸಾಲು ಇನ್ನೊಂದ್ ದಪ ಅಂತಾರೆ, ಕೇಳೋರಿಗೆ ಎಳೆ ತಪ್ಪಬಾರ್ದು ಅಂತ. ಯಾರು ಅದ್ನ ಎರಡು ಸಾಲು ಅಂತ ಲೆಕ್ಕ ಇಡ್ತಾರೆ?"

ಎಲ್ಲರೂ ನಕ್ಕರು. ನೀಲಾಂಬಿಕೆಯ ಕೈ ಪುಸ್ತಕದ ಮೇಲೆ ಹಾಗೇ ನಿಂತಿತು. ಅಜ್ಜ ಕಲಿಸಿದ್ದು ಅದನ್ನೇ. ತನಗೂ, ಶಾಂಭವಿಗೂ. ನಾಲಿಗೆ ಅದನ್ನು ಮಾಡುತ್ತದೆ ಎಂಬುದು ಕೂಡ ಅವಳಿಗೆ ನೆನಪಿರಲಿಲ್ಲ. ಸೂಕ್ಷ್ಮದರ್ಶಕದಲ್ಲಿ ಕಲ್ಲು ಒಮ್ಮೆಗೇ ಕಾಣುವುದಿಲ್ಲ. ಎಪ್ಪತ್ತು ಚಿಲ್ಲರೆ ಪದರ ಮುಗಿದರೆ ಗುಂಡಿ ಒತ್ತಿ ಮುಂದಿನ ಚೌಕಟ್ಟಿಗೆ ಹೋಗಬೇಕು. ವರ್ಷಕ್ಕೆ ಏಳು ಸಲ.

ಅದೂ ಹಾಳೆ ತಿರುವಿದ ಹಾಗೆಯೇ.

ಕೊಟ್ರಮ್ಮ ಹಲಗೆಯನ್ನು ಸೆರಗಿನಿಂದ ಒರೆಸುತ್ತಿದ್ದರು. "ನಾಳೆ ಅಂಗಡಿಯೋನ್ಗೆ ತೋರ್ಸು. ಗ್ಯಾರಂಟಿ ಐತೆ," ಎಂದರು.

* * *

"ಏನ್ ಅಂತೀರಿ?"

ನದಾಫರು ಕೇಳಿದ್ದು ಮೂರನೆಯ ಸಲ. ನೀಲಾಂಬಿಕೆ ಮೂರನೆಯ ಸಲವೂ ಅದನ್ನೇ ಹೇಳಿದಳು. "ಚೌಕಟ್ಟು ಬದ್ಲಾದಾಗೆಲ್ಲ ಕೊನೆ ಪದರಾನ ಎರಡು ಸಲ ಅಂದಿದೀನಿ ಸರ್. ಶಾಂಭವೀನೂ ಅಂದಿದಾಳೆ. ಯಂತ್ರ ಎರಡು ದಿನ ಅಂತ ಎಣಿಸೈತೆ."

"ನಿಮಗ ಖಾತ್ರಿ ಐತೇನು?"

"ಅಜ್ಜನ ಓದು ಸರ್. ಖಾತ್ರಿ."

ನದಾಫರು ಎದ್ದು ಕಿಟಕಿಗೆ ಹೋದರು, ವಾಪಸು ಬಂದರು, ಕುರ್ಚಿಯನ್ನು ಮೇಜಿನೊಳಕ್ಕೆ ತಳ್ಳಿದರು, ಮತ್ತೆ ಎಳೆದರು. "ಇಬ್ಬರು ಬ್ಯಾರೆ ಬ್ಯಾರೆ ಓದಬೇಕು ಅಂತ ನಿಯಮ ಐತಿ ಯಾಕ? ಒಬ್ಬರ ತಪ್ಪು ಇನ್ನೊಬ್ಬರು ಮಾಡಬಾರದು ಅಂತ. ನಾನು ಒಂದ ಅಜ್ಜನ ಇಬ್ಬರು ಮೊಮ್ಮಕ್ಕಳನ್ನ ತಂದು ಕೂರಿಸೀನಿ! ಎರಡೂ ಎಣಿಕೆ ಕೂಡಿದ್ವು ಅಂತ ಊರ ತುಂಬ ಪೇಢೆ ಹಂಚೀನಿ! ನನ್ನಂಥಾ ಶಾಣ್ಯಾ ಯಾರದಾನ್ರಿ?"

ಅವರು ಬೈದಿದ್ದರೆ ಚೆನ್ನಾಗಿತ್ತು ಅನಿಸಿತು ನೀಲಾಂಬಿಕೆಗೆ.

ನದಾಫ್ ಕಡೆಗೆ ಆ ಕುರ್ಚಿಯಲ್ಲೇ ಕೂತರು. "ನಾವೂ ಹಂಗ ಕಲ್ತವ್ರು. ಸಣ್ಣಾವಿದ್ದಾಗ ಮಸೀದ್ಯಾಗ ಓದಬೇಕಾದ್ರ ನಡುವ ಉಸಿರು ಕಡಿದ್ರ, ಹಿಂದಿನ ಎರಡು ಮಾತು ಮತ್ತ ಹಿಡಕೊಂಡ ಮುಂದ ಹೋಗಬೇಕು. ಅರ್ಥ ಹರೀಬಾರದು ಅಂತ. ನನಗ ಗೊತ್ತಿರಬೇಕಿತ್ತು. ಗೊತ್ತಿದ್ದಾಂವಾ ಕುಂತು ಕೇಳಬೇಕಿತ್ತು. ನಾನು ಕೇಳ್ಲೇ ಇಲ್ಲ, ಅಂಕಿ ನೋಡಿದೆ."

"ಮತ್ತೆ ಓದ್ತೀನಿ ಸರ್."

"ಆಗೂದಿಲ್ರೀ. ಒಂದ್ ಕಲ್ಲಿಗೆ ಒಂದ ಸಲ. ಮಂಡಳಿ ಕಲ್ಲಿಗೆ ಮುದ್ರೆ ಒತ್ತಿ ಒಳಗಿಟ್ಟೈತಿ. ಇರೋದು ನಿಮ್ಮ ಧ್ವನಿ ಒಂದ."

ಹಾಗಾಗಿ ನೀಲಾಂಬಿಕೆ ತನ್ನ ಧ್ವನಿಯನ್ನು ತಾನೇ ಕೇಳಲು ಕೂತಳು. ಇಪ್ಪತ್ತು ಸಾವಿರದ ಏಳುನೂರ ಅರವತ್ತು ಮಾತು. ಸುಮ್ಮನೆ ಚೌಕಟ್ಟು ಬದಲಾದಲ್ಲೆಲ್ಲ ಒಂದೊಂದು ಕಳೆಯುವ ಹಾಗಿರಲಿಲ್ಲ. ಕೆಲವು ಕಡೆ ಹೊಸ ಚೌಕಟ್ಟಿನ ಮೊದಲ ಪದರ ನಿಜವಾಗಿಯೂ ಹಿಂದಿನದರಂತೆಯೇ ಇರಬಹುದಿತ್ತು. ದಪ್ಪದ ಮೇಲೆ ದಪ್ಪ. ಮೋಡವಿಲ್ಲದ ಎರಡು ದಿನ. ಯಂತ್ರಕ್ಕೆ ಎರಡೂ ಒಂದೇ. ಆದರೆ ಮರಳಿ ಹೇಳುವ ಸಾಲಿನಲ್ಲಿ ದನಿ ಕೂದಲೆಳೆಯಷ್ಟು ಇಳಿಯುತ್ತದೆ, ಮಲಗಿದ ಮಗುವಿಗೆ ಹೊದಿಕೆ ಎಳೆಯುವಾಗಿನ ಹಾಗೆ. ಅದನ್ನು ಹಿಡಿಯುವ ಕಿವಿ ಆ ಕಟ್ಟಡದಲ್ಲಿ ಇವರಿಬ್ಬರಿಗೇ ಇತ್ತು. ಶಾಂಭವಿ ಎರಡನೆಯ ದಿನಕ್ಕೇ ಕಿವಿಯ ಇಯರ್‌ಫೋನ್ ಕಿತ್ತಿಟ್ಟಳು.

"ಸಾಕಕ್ಕ. ನನ್ನ ದನಿ ಕೇಳಿ ನಂಗೇ ವಾಕರಿಕೆ ಬರ್ತೈತೆ. ದಪ್ಪ ತೆಳು ದಪ್ಪ ತೆಳು. ಮನೆಯಾಗೆ ಚಪಾತಿ ಲಟ್ಟಿಸೋವಾಗ್ಲೂ ಅದೇ ಅಂತಿದೀನಂತೆ. ನಮ್ಮೋರು ನಗ್ತಾರೆ."

"ಇನ್ನೊಂದ್ ವಾರ ಕೂತ್ಕೊ ಶಾಂಭೂ."

"ಕೂತು ಏನ್ ಮಾಡೋಣ? ಸರಿ ಮಾಡಿದಷ್ಟೂ ಸಾಹೇಬ್ರ ನಕ್ಷತ್ರ ಸಾಯ್ತೈತೆ. ಸುಮ್ನಿದ್ರೆ ಯಾರಿಗೆ ಗೊತ್ತಾಗ್ತಿತ್ತು? ನಿಮ್ಮತ್ತೆ ಹಲಗೆ ಹೇಳ್ತಿತ್ತಾ ಮಂಡಳಿಗೆ?"

ನೀಲಾಂಬಿಕೆ ಧ್ವನಿಮುದ್ರಣವನ್ನು ಒಂದು ಚೌಕಟ್ಟು ಹಿಂದಕ್ಕೆ ಸರಿಸಿದಳು. ದೇವರ ಮುಂದೆ ಓದುವಾಗ ಇಲ್ಲದ ಸಾಲನ್ನು ಸೇರಿಸಿದರೆ ಅಜ್ಜ ಏನನ್ನುತ್ತಿದ್ದರು ಎಂದು ಯೋಚಿಸಿದಳು. ಅಜ್ಜ ಏನೂ ಅನ್ನುತ್ತಿರಲಿಲ್ಲ. ಪುಸ್ತಕ ಮುಚ್ಚಿ ಎದ್ದುಹೋಗುತ್ತಿದ್ದರು. ಅದು ಬೈಗುಳಕ್ಕಿಂತ ಹೆಚ್ಚಾಗಿ ಸುಡುತ್ತಿತ್ತು.

ಶಾಂಭವಿ ಬಿಟ್ಟದ್ದನ್ನೂ ತಾನೇ ಕೇಳಿ ಅವಳು ಒಂಬತ್ತನೆಯ ದಿನ ಲೆಕ್ಕ ಮುಗಿಸಿದಳು. ಒಬ್ಬೊಬ್ಬರದೂ ಇನ್ನೂರ ಎಂಬತ್ತು ಮರುಸಾಲು. ಅದರಲ್ಲಿ ಹನ್ನೊಂದು ಕಡೆ ಅವಳಿಗೇ ಅನುಮಾನ. ಉಳಿದ ಇಪ್ಪತ್ತು ಸಾವಿರದ ನಾನೂರ ಎಂಬತ್ತನ್ನು ನಲವತ್ತರಿಂದ ಭಾಗಿಸಿದರೆ ವರ್ಷಕ್ಕೆ ಐನೂರ ಹನ್ನೆರಡು ದಿನ. ಕಲ್ಲು ಇನ್ನೂರ ಐವತ್ತಾರು ಕೋಟಿಗೆ ಇಳಿಯಿತು. ನಕ್ಷತ್ರಕ್ಕೆ ನೂರ ತೊಂಬತ್ತೆಂಟು ಆಗಿರಬೇಕಿತ್ತು. ಆಗಿದ್ದುದು ನೂರ ತೊಂಬತ್ತೊಂದು.

ಏಳು ಕೋಟಿ ವರ್ಷ ಸಣ್ಣದು.

* * *

ಮಂಡಳಿಯೊಡನೆ ಮಾತಾಡಲು ಆರು ಅರ್ಜಿ ಬೇಕಾಯಿತು. ಮೊದಲ ಮೂರಕ್ಕೆ ಉತ್ತರಿಸಿದ್ದು ಯಂತ್ರ. "ತಾವು ಹೇಳಿದ್ದು ಸ್ಪಷ್ಟವಾಗಲಿಲ್ಲ, ದಯಮಾಡಿ ಇನ್ನೊಮ್ಮೆ ಹೇಳಿರಿ" ಎಂದು ಅದು ಕೇಳಿದಾಗ ನದಾಫ್ ಮೇಜು ಗುದ್ದಿದರು. "ಇನ್ನೊಮ್ಮೆ ಹೇಳಿದ್ದಕ್ಕ ಇಷ್ಟೆಲ್ಲ ಆಗೈತೆಪ್ಪಾ!"

ಕಡೆಗೆ ಪರದೆಯ ಮೇಲೆ ಮಂಡಳಿಯ ಅಧ್ಯಕ್ಷೆ ಕಾಣಿಸಿಕೊಂಡರು. ಎಲ್ಲಿಯವರೋ, ಅವರ ಮಾತನ್ನು ಭಾಷಾಂತರದ ಯಂತ್ರ ಶಾಲೆಯ ಪುಸ್ತಕದ ಕನ್ನಡದಲ್ಲಿ ಒಪ್ಪಿಸುತ್ತಿತ್ತು.

"ಮಾನ್ಯ ವಾಚಕರೇ, ಒಂಬತ್ತನೆಯ ನಿಯಮದಂತೆ ವಾಚಕರು ತಮ್ಮ ವಾಚನವನ್ನು ತಾವೇ ತಿದ್ದುವಂತಿಲ್ಲ. ಸಾಕ್ಷಿ ಇರುವುದು ಮೊದಲಿನ ಎಣಿಕೆಗೆ. ಎರಡನೆಯದಕ್ಕೆ ತಮ್ಮ ಕಿವಿಯ ಹೊರತು ಬೇರೆ ಆಧಾರವಿಲ್ಲ. ಆದರೆ ಪ್ರಯೋಗಾಲಯದ ಮುಖ್ಯಸ್ಥರು ಬಯಸಿದಲ್ಲಿ ಹಳೆಯ ಎಣಿಕೆಯನ್ನು ಹಿಂಪಡೆದು ಹೊಸದನ್ನು ಸಲ್ಲಿಸಬಹುದು. ಎರಡರಲ್ಲಿ ಯಾವುದಕ್ಕೆ ಅವರು ಸಹಿ ಮಾಡುತ್ತಾರೋ ಅದು ನಮಗೆ ಮಾನ್ಯ."

ನದಾಫ್ ಧ್ವನಿ ಬಂದ್ ಮಾಡಿ ನೀಲಾಂಬಿಕೆಯ ಕಡೆ ತಿರುಗಿದರು. ಅವರ ಮುಖ ಕೆಲವೇ ವಾರಗಳಲ್ಲಿ ಇಳಿದುಹೋಗಿತ್ತು.

"ನಿಯಮಾನ ಹೇಳ್ತೈತಿ, ಹತ್ತೊಂಬತ್ತೂ ನಡೀತದ ಅಂತ. ನಾ ಸುಳ್ಳು ಹೇಳಿದಂಗೂ ಆಗೂದಿಲ್ಲ. ಆ ಹನ್ನೊಂದು ಅನುಮಾನ ಅಂದ್ರಲ್ಲ, ಅವನ್ನ ನಮ್ಮ ಕಡೆ ಹಾಕಿದ್ರ?"

"ಹನ್ನೊಂದನ್ನೂ ಹಾಕಿದ್ರೂ ವರ್ಷಕ್ಕೆ ಕಾಲು ದಿನದ ಮೇಲೆ ಚೂರು ಸರ್. ದಾಟಲ್ಲ."

"ನಿಮ್ಮ ಕಿವಿ ತಪ್ಪಿದ್ರ?"

ತಪ್ಪಬಹುದು ಎಂದು ಒಂದು ಮಾತು ಅಂದರೆ ಸಾಕಿತ್ತು. ಆ ಮನುಷ್ಯ ಅದನ್ನೇ ಬೇಡುತ್ತಿದ್ದರು. "ಇದ್ರಾಗೆ ತಪ್ಪಲ್ಲ ಸರ್," ಎಂದಳು. ಆಮೇಲೆ ತಡೆಯಲಾಗದೆ ಧ್ವನಿಯ ಗುಂಡಿಯನ್ನು ತಾನೇ ಒತ್ತಿದಳು.

"ಅಮ್ಮಾ, ನಾನೊಂದು ಕೇಳ್ತೀನಿ. ನಮ್ಮ ಮಠದಾಗೆ ಒಂದು ಹಳೇ ಪುಸ್ತಕ ಐತೆ. ಮೊದಲಿನ ಹಾಳೆಗಳು ಗೆದ್ದಲು ತಿಂದು ಹೋಗ್ಯಾವೆ. ಉಳಿದಿರೋ ಮೊದಲ್ನೇ ಹಾಳೆ ಮೂರನೇ ಸಂಧಿದು. ಹಂಗಂತ ಕತೆ ಅಲ್ಲಿಂದಾನೇ ಶುರುವಾತು ಅಂತೀವಾ? ನಮಗೆ ಸಿಕ್ಕಿರೋ ಕಲ್ಲು ಇಷ್ಟು ಹಳೇದು. ಜೀವ ಅದಕ್ಕಿಂತ ಮುಂಚೆ ಇರ್ಲಿಲ್ಲ ಅಂತ ಕಲ್ಲು ಹೇಳಿಲ್ಲ. ನೀವು ಹೇಳ್ತಿದೀರಿ. ನಮ್ಮ ಹರಿದ ಪುಸ್ತಕ ಹಿಡಿದು ಅಷ್ಟು ದೂರದೋರ ಹಣೆಬರಹ ಯಾಕೆ ಬರೀತೀರಿ?"

ಪರದೆಯಲ್ಲಿ ಅಧ್ಯಕ್ಷೆ ಭಾಷಾಂತರ ಕೇಳಿ, ತಲೆಯಾಡಿಸಿ, ಏನೋ ಅಂದರು. ಕನ್ನಡ ಬಂತು. "ತಮ್ಮ ಉಪಮೆ ಸೊಗಸಾಗಿದೆ. ಅದನ್ನು ದಾಖಲೆಯಲ್ಲಿ ಸೇರಿಸಲಾಗಿದೆ. ಎಲ್ಲಿಯಾದರೂ ಒಂದು ಗೆರೆ ಎಳೆಯಲೇಬೇಕು. ತೊಂಬತ್ತು ದಿನಗಳೊಳಗೆ ಇದಕ್ಕಿಂತ ಹಳೆಯ ಕಲ್ಲನ್ನು ತಂದಲ್ಲಿ ಮರುಪರಿಶೀಲನೆಗೆ ಅವಕಾಶವಿದೆ. ಈಗ ಸಹಿ?"

ನದಾಫ್ ಐನೂರ ಹನ್ನೆರಡಕ್ಕೆ ಸಹಿ ಮಾಡಿದರು. ಹೆಸರಿನ ಬಾಲ ಚೌಕದ ಹೊರಕ್ಕೆ ಹೋಯಿತೆಂದು ಯಂತ್ರ ಇನ್ನೊಮ್ಮೆ ಸಹಿ ಕೇಳಿತು. ಮಾಡಿದರು.

ವಾರದೊಳಗೆ ಮೂರು ದೇಶಗಳಿಂದ ಅಭಿನಂದನೆಗಳು ಬಂದವು. ಅಲ್ಲಿಯತನಕದ ಅತಿ ಹಳೆಯ ಕಲ್ಲಿಗಿಂತ ಇವರದು ಆರು ಕೋಟಿ ವರ್ಷ ಹಿರಿದು. ಗೆರೆ ಅಷ್ಟು ಕೆಳಗಿಳಿದು, ಹೊರಗೆ ನಿಂತಿದ್ದ ಮೂರು ನಕ್ಷತ್ರಗಳು ಒಳಗೆ ಬಂದಿದ್ದವು. ಯಾರ ಯಾರದೋ ನಕ್ಷತ್ರಗಳು. "ನಿಮ್ಮ ವಾಚಕರ ಪ್ರಾಮಾಣಿಕತೆಗೆ ನಮ್ಮ ನಮನ" ಎಂದು ಒಬ್ಬರು ಹೂವಿನ ಚಿತ್ರ ಹಾಕಿ ಬರೆದಿದ್ದರು. ನದಾಫ್ ಅದನ್ನು ಗಟ್ಟಿಯಾಗಿ ಓದಿ, "ನಮ್ಮ ಹಿಟ್ಟು, ನಮ್ಮ ಒಲಿ, ರೊಟ್ಟಿ ಮಾತ್ರ ಮಂದಿಗೆ," ಎಂದರು.

* * *

ಇನ್ನೂ ಹಳೆಯ ಕಲ್ಲು ಎಲ್ಲಿದೆ ಎಂಬುದು ನದಾಫರಿಗೆ ಗೊತ್ತಿತ್ತು. ಅದೇ ಸಿಟ್ಟಿಗೆ ಎಣ್ಣೆ ಹೊಯ್ದಿದ್ದು. ಅದೇ ಗುಡ್ಡದ ಬುಡದಲ್ಲಿ, ಓದಿದ ಕಲ್ಲಿನ ಅಡಿಯ ಪದರದಲ್ಲಿ, ಆನೆ ಮಲಗಿದಂಥ ಒಂದು ಬಂಡೆ. ಅದು ಹಾಲುಗೊಂದಿ ಜಲಾಶಯದ ಅಂಗಳದಲ್ಲಿತ್ತು. ಎಂಟು ವರ್ಷ ಜಲಾಶಯ ತಳ ಕಂಡು ಬಂಡೆ ಬಿಸಿಲಿಗೆ ಬಿದ್ದಿತ್ತು. ಆ ಎಂಟು ವರ್ಷವೂ ಅವರು ಅದರ ಮೇಲೆ ಕೂತು ಬುತ್ತಿ ಬಿಚ್ಚಿದ್ದರು. ಮೇಲಿನ ಕಲ್ಲಿನ ಪದರ ಸ್ಫುಟವಾಗಿದೆ, ಇದು ಯಾಕೆ ಎಂದು ಬಿಟ್ಟಿದ್ದರು. ಈ ವರ್ಷ ಮಳೆ ಹುಯ್ದ ರೀತಿಗೆ ಜಲಾಶಯ ಕೋಡಿ ಬಿತ್ತು. ಬಂಡೆಯ ಮೇಲೆ ಈಗ ಮೂವತ್ತೆರಡು ಅಡಿ ನೀರು. ಮುಳುಗಿ ಚೂರು ತರಬಹುದಿತ್ತು. ಆದರೆ ಮಂಡಳಿಯ ಮುದ್ರೆ ಒಣಗಿದ ಬಂಡೆಗೆ ಮಾತ್ರ ಒತ್ತುವಂಥದು. ಅದಕ್ಕೂ ಒಂದು ಅರ್ಜಿ ಹಾಕಿದರು. ದಾಖಲೆಯಲ್ಲಿ ಸೇರಿಸಲಾಗಿದೆ ಎಂದು ಉತ್ತರ ಬಂತು.

ಕೋಡಿ ಬಿದ್ದ ಹನ್ನೆರಡನೆಯ ದಿನ ಸುತ್ತಲಿನ ಹೆಂಗಸರು ಬಾಗಿನ ಕೊಡಲು ಏರಿಯ ಮೇಲೆ ನೆರೆದರು. ನೀಲಾಂಬಿಕೆ ಅತ್ತೆಯನ್ನು ಕೈಹಿಡಿದು ಕರೆತಂದಿದ್ದಳು. ಮೊರದಲ್ಲಿ ಅರಿಶಿನ, ಕುಂಕುಮ, ಬಳೆ, ರವಿಕೆಗೆಂದು ಹಸಿರು ಕಣ. ಮಕ್ಕಳು ಕೋಡಿಯ ನೀರಿಗೆ ಮೈಯೊಡ್ಡಿ ಕಿರುಚುತ್ತಿದ್ದರು. ಕೊಟ್ರಮ್ಮನಿಗೆ ಏನೂ ಕೇಳಿಸದಿದ್ದರೂ ಮುಖ ಅರಳಿತ್ತು. ಊರಿನ ಬೋರುಗಳಲ್ಲಿ ನೀರು ಮೇಲೆ ಬಂದಿತ್ತು, ನೀಲಾಂಬಿಕೆಯ ಹಿತ್ತಲಲ್ಲೂ.

ಸ್ವಲ್ಪ ದೂರದಲ್ಲಿ ನದಾಫ್ ಪ್ಯಾಂಟು ಮಡಿಚಿಕೊಂಡು ಮೀನು ಹಿಡಿಯುವವನೊಬ್ಬನ ಹತ್ತಿರ ನಿಂತಿದ್ದರು.

"ಅಲ್ಲಪ್ಪಾ, ಇದು ಮೂವತ್ತೆರಡು ಅಡಿ ಇಳೀಬೇಕಾದ್ರ ಎಷ್ಟು ದಿನ ಹಿಡೀತದ?"

ಅವನು ಬಲೆ ಕೆಳಗಿಟ್ಟು ಅವರನ್ನು ಮೇಲಿಂದ ಕೆಳಕ್ಕೆ ನೋಡಿದ. "ಸ್ವಾಮೀ, ನೀರು ಬಂದು ಹನ್ನೆರಡು ದಿನ ಆಗಿಲ್ಲ. ಹೆಂಗಸ್ರು ಬಾಗಿನ ಬಿಡ್ತಾವ್ರೆ. ನೀವು ಆಗ್ಲೇ ಯಾವಾಗ ಹೋಗ್ತೈತೆ ಅಂತೀರಲ್ಲ! ಜೋರಾಗಿ ಅನ್ಬೇಡಿ, ಯಾರಾದ್ರೂ ಕೇಳಿಸ್ಕೊಂಡಾರು."

"ನವೆಂಬರಿನೊಳಗ?"

"ನವೆಂಬರ್ ಅಲ್ಲ ಸ್ವಾಮಿ, ಎರಡು ವರ್ಷ ಅಲ್ಲಾಡಲ್ಲ. ದೇವ್ರು ದೊಡ್ಡೋನು."

ನದಾಫ್ ಹೌದೆಂಬಂತೆ ತಲೆಯಾಡಿಸಿ ಕಲ್ಲಿನ ಮೇಲೆ ಕೂತರು. ನೀಲಾಂಬಿಕೆ ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

ಅವಳ ಸರದಿ ಬಂತು. ಮೆಟ್ಟಿಲಿಳಿದು ಮೊಣಕಾಲುದ್ದ ನೀರಿನಲ್ಲಿ ನಿಂತಳು. ಹಿಂದಿನಿಂದ ಯಾರೋ ಹಿರಿಯಾಕೆ, "ಬೇಡ್ಕೊಳ್ಳವ್ವ, ತುಂಬಿದ ಗಂಗವ್ವ ಇಲ್ಲ ಅನ್ನಲ್ಲ," ಎಂದಳು. ನೀಲಾಂಬಿಕೆ ಕಣ್ಣು ಮುಚ್ಚಿದಳು. ಹುಟ್ಟಿದಾಗಿನಿಂದ ದೇವರೆದುರು ಅವಳ ಬಾಯಿಗೆ ಮಾತು ತಾನಾಗಿ ಬರುತ್ತಿತ್ತು. ಇಂದು ಒಂದೂ ಏಳಲಿಲ್ಲ. ಈ ನೀರು ಹೀಗೇ ಇರಲಿ ಎಂದರೆ, ಕಾಣದ ಗ್ರಹವೊಂದರ ಕಡಲಂಚಿನಲ್ಲಿ ಪಾಚಿಯಂಥ ಏನೋ ಬಿಸಿಲಿಗೆ ಏಳುತ್ತಿದ್ದರೂ ಅದನ್ನು ಯಾರೂ ನೋಡುವುದಿಲ್ಲ. ಇಳಿಯಲಿ ಎನ್ನಲು ಅವಳ ಹಿಂದೆ ಇನ್ನೂರು ಹೆಂಗಸರು ಮೊರ ಹಿಡಿದು ನಿಂತಿದ್ದರು.

"ಆತೇನವ್ವ? ಹಿಂದೆ ಸಾಲೈತೆ!"

ಅವಳು ಮೊರವನ್ನು ನೀರಿಗೆ ಬಿಟ್ಟಳು. ಅದು ಒಂದು ಸುತ್ತು ತಿರುಗಿ, ಬಂಡೆ ಇದ್ದ ಕಡೆಗೆ ಸ್ವಲ್ಪ ತೇಲಿ, ಬೇರೆ ಮೊರಗಳ ನಡುವೆ ಸೇರಿಕೊಂಡಿತು. ಯಾವುದು ತನ್ನದೆಂದು ಅವಳಿಗೆ ಆಮೇಲೆ ಗುರುತು ಹತ್ತಲಿಲ್ಲ.

ಮೇಲೆ ಬಂದಾಗ ಕೊಟ್ರಮ್ಮ ಹಲಗೆಯನ್ನು ಎದುರಿಗಿಟ್ಟುಕೊಂಡು, ಸೊಸೆಯ ಒದ್ದೆ ಸೆರಗನ್ನು ಹಿಂಡುತ್ತಾ ಕೇಳಿದರು: "ಏನ್ ಕೇಳ್ಕೊಂಡೆ?"

"ಏನೂ ಇಲ್ಲತ್ತೆ."

"ಏನೂ ಇಲ್ವಾ? ಇಷ್ಟು ತುಂಬಿರೋವಾಗ?"

"ಹೂಂ," ಎಂದಳು ನೀಲಾಂಬಿಕೆ. "ಕೇಳೋಕ್ಕೆ ಜಾಗಾನೇ ಇರ್ಲಿಲ್ಲ."